ಮನೆ ಶಾಲೆಯದು, ಗಂಡ ನಿಮ್ಮವರು

ಪ್ರಶ್ನೆ: ಮದುವೆಯಾಗಿ ಎರಡು ವರ್ಷ. ದಕ್ಷಿಣ ಕೊರಿಯಾದ ಸರಕಾರಿ ಶಾಲೆಯೊಂದರಲ್ಲಿ ನನಗೆ ಇಂಗ್ಲಿಷ್ ಸಹಾಯಕ ಶಿಕ್ಷಕಿಯ ಕೆಲಸ ಸಿಕ್ಕಿದೆ. ಶಾಲೆ ಬಾಡಿಗೆಯಿಲ್ಲದೆ ಮನೆ ಕೊಡುತ್ತದೆ. ಆದರೆ ಅದು ಒಬ್ಬರಿಗೆಂದು ಇರುವ ಒಂದೇ ಕೋಣೆಯ ಮನೆ. ಗಂಡನೂ ಇಂಗ್ಲಿಷ್ ಮೇಷ್ಟ್ರೇ, ಅವರಿಗಿನ್ನೂ ಅಲ್ಲಿ ಕೆಲಸ ಸಿಕ್ಕಿಲ್ಲ. "ಮದುವೆ ಆಗಿಲ್ಲ ಅಂತ ಬರೆದುಬಿಡಿ, ಮೂರು ತಿಂಗಳು ಬಿಟ್ಟು ಅವರನ್ನ ಕರೆಸಿಕೊಳ್ಳಿ, ಯಾರು ಕೇಳ್ತಾರೆ" ಅನ್ನುತ್ತಾರೆ ಏಜೆಂಟ್. "ನಿನ್ನ ಶಾಲೆ ಮನೇಲಿ ಕದ್ದು ಇರೋಕೆ ನಾನ್ಯಾಕೆ ಬರಲಿ" ಅಂತ ಗಂಡ ಮುನಿಸಿಕೊಂಡಿದ್ದಾರೆ. ಏನು ಮಾಡಲಿ?

ಉತ್ತರ: ಯಾರು ಕೇಳ್ತಾರೆ ಅಂದರೆ, ವೀಸಾ ಅರ್ಜಿಯೇ ಕೇಳುತ್ತದೆ. ಕೊರಿಯಾದ ಅರ್ಜಿ ನಮೂನೆಯಲ್ಲಿ ವೈವಾಹಿಕ ಸ್ಥಿತಿಗೆ ಪ್ರತ್ಯೇಕ ಭಾಗವಿದೆ, ಸಂಗಾತಿಯ ವಿವರವನ್ನೂ ಅಲ್ಲೇ ತುಂಬಬೇಕು. ಇಂದು 'ಅವಿವಾಹಿತೆ' ಎಂದು ಗುರುತು ಹಾಕಿ, ಮೂರು ತಿಂಗಳಿಗೆ ಎರಡು ವರ್ಷ ಹಳೆಯ ಮದುವೆ ಪ್ರಮಾಣಪತ್ರ ಹಿಡಿದು ಗಂಡನ ವೀಸಾ ಕೇಳಿದರೆ ನಿಮ್ಮ ಸುಳ್ಳಿಗೆ ನೀವೇ ಪುರಾವೆ ಕೊಟ್ಟಂತೆ. ಆಗ ಅಪಾಯಕ್ಕೆ ಬೀಳುವುದು ಮನೆಯಲ್ಲ, ನಿಮ್ಮ ಇ-2 ವೀಸಾ, ಅಂದರೆ ಭಾಷಾ ಶಿಕ್ಷಕರಿಗೆ ಕೊಡುವ ಕೆಲಸದ ವೀಸಾ. ಏಜೆಂಟರಿಗೆ ಆ ಹೊತ್ತಿಗೆ ಅವರ ಕಮಿಷನ್ ಸಂದಿರುತ್ತದೆ. ಆ ದಾರಿ ಬಿಡಿ.

ನೇರ ದಾರಿ ಇದೆ. ಇ-2 ಮೇಲೆ ದುಡಿಯುವವರ ಗಂಡ ಅಥವಾ ಹೆಂಡತಿಗೆ ಎಫ್-3 ಎಂಬ ಅವಲಂಬಿತ ವೀಸಾ ಸಿಗುತ್ತದೆ. ಮದುವೆ ನೋಂದಣಿಯಾಗಿರಬೇಕು, ಪ್ರಮಾಣಪತ್ರಕ್ಕೆ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ ಮುದ್ರೆ (ದಾಖಲೆ ಅಸಲಿ ಎಂದು ಬೇರೆ ದೇಶಕ್ಕೆ ದೃಢಪಡಿಸುವ ಮುದ್ರೆ) ಬೇಕು. ಆದರೆ ಎಫ್-3 ಇದ್ದವರು ಅನುಮತಿಯಿಲ್ಲದೆ ಕೆಲಸ ಮಾಡುವಂತಿಲ್ಲ. ಮನೆಪಾಠಕ್ಕೂ ಇದೇ ನಿಯಮ. ನಿಮ್ಮ ಗಂಡನ ಮುನಿಸಿನ ಬೇರು ಇಲ್ಲೇ ಇದೆ ಅನ್ನಿಸುತ್ತದೆ. ಮೇಷ್ಟ್ರಾಗಿದ್ದವರು ಅಲ್ಲಿ ಸಂಬಳವಿಲ್ಲದೆ, ಹೆಂಡತಿಯ ಶಾಲೆ ಕೊಟ್ಟ ಕೋಣೆಯಲ್ಲಿ, ಅದೂ ಅಡಗಿಕೊಂಡು ಇರಬೇಕೆಂದರೆ ಯಾರಿಗೂ ಕಷ್ಟವೇ. ಅದನ್ನು ಗಂಡಸಿನ ಅಹಂಕಾರ ಎಂದು ತಳ್ಳಿಹಾಕಬೇಡಿ (ಸ್ವಲ್ಪ ಅದೂ ಇರಬಹುದು, ಇರಲಿ).

ಈಗ ಮನೆಯ ವಿಷಯ. ಅಲ್ಲಿ 'ವನ್‌ರೂಮ್' ಅನ್ನುವ ಈ ಮನೆಗಳನ್ನು 'ಪ್ಯಾಂಗ್' ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಪ್ಯಾಂಗ್ ಎಂದರೆ ಸುಮಾರು 3.3 ಚದರ ಮೀಟರ್. ಆರು ಪ್ಯಾಂಗ್ ಮನೆ ಎಂದರೆ 20 ಚದರ ಮೀಟರ್, ಅದರೊಳಗೇ ಅಡುಗೆ, ಹಾಸಿಗೆ, ಬಚ್ಚಲು. ಹೊಂದಿಕೊಂಡರೆ ಇಬ್ಬರು ಇರಬಹುದು. ಜಗಳವಾಡಿದ ರಾತ್ರಿ ಮುಖ ತಿರುಗಿಸಿಕೊಂಡು ಹೋಗಲು ಇನ್ನೊಂದು ಕೋಣೆ ಇರುವುದಿಲ್ಲ, ಅಷ್ಟೇ. ಇಕ್ಕಟ್ಟಿಗಿಂತ ದೊಡ್ಡ ತೊಡಕು, ಬಾಡಿಗೆ ಕರಾರು ಸಾಮಾನ್ಯವಾಗಿ ಶಾಲೆಯ ಹೆಸರಿನಲ್ಲಿರುತ್ತದೆ. ಯಾರು ಇರಬಹುದು, ಕೆಲಸ ಮುಗಿದ ಎಷ್ಟು ದಿನಕ್ಕೆ ಖಾಲಿ ಮಾಡಬೇಕು ಎಂಬುದೆಲ್ಲ ಅವರ ಮಾತಿನಂತೆಯೇ. ಕೆಲಸ ಹೋದರೆ ಮನೆಯೂ ಹೋಗುತ್ತದೆ, ನಿಮ್ಮ ವೀಸಾಕ್ಕೆ ಕಟ್ಟುಬಿದ್ದ ಗಂಡನ ವೀಸಾವೂ ಅಲುಗಾಡುತ್ತದೆ.

ಹಾಗಾಗಿ, ಸಾಧ್ಯವಿದ್ದರೆ ಶಾಲೆಯ ಮನೆ ಬೇಡ ಅನ್ನಿ, ಬದಲಿಗೆ ವಸತಿ ಭತ್ಯೆ ಕೇಳಿ. ಸರಕಾರಿ ಶಾಲೆಗಳ ಕರಾರಿನಲ್ಲಿ ಈ ಆಯ್ಕೆ ಬಹುಕಾಲದಿಂದ ಇದೆ. ತಿಂಗಳಿಗೆ 4 ಲಕ್ಷ ವಾನ್ (ಕೊರಿಯಾದ ಹಣ) ಎಂಬುದು ವರ್ಷಗಟ್ಟಲೆ ನಡೆದುಬಂದ ಮೊತ್ತ. ಮನೆ ನಿಮ್ಮ ಹೆಸರಿಗಿದ್ದರೆ ಗಂಡ ಅಲ್ಲಿ ಅತಿಥಿಯಲ್ಲ. ಆದರೆ ಮುಂಗಡಕ್ಕೆ ಕೈಯಲ್ಲಿ ದುಡ್ಡಿರಬೇಕು. ಸಣ್ಣ ಮನೆಗೂ 50 ಲಕ್ಷದಿಂದ 1 ಕೋಟಿ ವಾನ್ ಕೇಳುವುದು ಅಲ್ಲಿ ಮಾಮೂಲು. ಮುಂಗಡ ಕಡಿಮೆ ಮಾಡಿಸಿಕೊಂಡರೆ ಬಾಡಿಗೆ ಏರುತ್ತದೆ. ಮನೆ ಹಿಡಿದ ಮೇಲೆ ವಿದೇಶಿಯರಾಗಿ ನೋಂದಾಯಿಸಿ, ಮುಂದೆ ಮನೆ ಬದಲಿಸಿದರೆ 15 ದಿನದೊಳಗೆ ಹೊಸ ವಿಳಾಸ ತಿಳಿಸಿ. ಮನೆಮಾಲೀಕ ಸಾಲದಲ್ಲಿ ಮುಳುಗಿದಾಗ ಮುಂಗಡ ವಾಪಸು ಕೇಳಲು ಕಾನೂನಿನ ಬಲ ಬರುವುದು ಈ ವಿಳಾಸ ನೋಂದಣಿಯಿಂದಲೇ. ತುಂಬ ಜನ ಇದನ್ನು ಉದಾಸೀನ ಮಾಡಿ ಆಮೇಲೆ ಪರದಾಡುತ್ತಾರೆ.

ಮುಂಗಡಕ್ಕೆ ದುಡ್ಡಿಲ್ಲವೆಂದರೆ ಶಾಲೆಯ ಮನೆಯನ್ನೇ ತೆಗೆದುಕೊಳ್ಳಿ. ಆದರೆ ಸಹಿ ಹಾಕುವ ಮೊದಲು ಇ-ಮೇಲ್ ಬರೆಯಿರಿ: ನನಗೆ ಮದುವೆಯಾಗಿದೆ, ಗಂಡ ಜೊತೆಗಿರಬಹುದೇ, ಹೆಚ್ಚಿನ ಗ್ಯಾಸು-ನೀರಿನ ಬಿಲ್ಲು ನಾನು ಕಟ್ಟುತ್ತೇನೆ, ದೊಡ್ಡ ಮನೆಗೆ ವ್ಯತ್ಯಾಸದ ಬಾಡಿಗೆ ನಾನು ಕೊಟ್ಟರೆ ಒಪ್ಪುತ್ತೀರಾ, ಮುಂದೆ ಅವರಿಗೂ ಇಂಥದೇ ಕೆಲಸ ಸಿಕ್ಕರೆ ಅವರ ಪಾಲಿನ ಭತ್ಯೆ ಉಳಿಯುತ್ತದೆಯೇ? ಕೊನೆಯದನ್ನು ಮರೆಯಬೇಡಿ. ದಂಪತಿಗೆ ಒಂದೇ ಮನೆ ಕೊಟ್ಟು ಎರಡನೆಯವರ ವಸತಿ ಹಣವನ್ನು ಉದ್ಯೋಗದಾತರೇ ಉಳಿಸಿಕೊಳ್ಳುವುದುಂಟು. ಫೋನಿನಲ್ಲಿ 'ಪರವಾಗಿಲ್ಲ ಬನ್ನಿ' ಅಂದದ್ದು ಲೆಕ್ಕಕ್ಕಿಲ್ಲ, ಉತ್ತರ ಬರಹದಲ್ಲಿರಲಿ.

ಆ ಇ-ಮೇಲನ್ನು ಗಂಡನ ಜೊತೆ ಕೂತು ಬರೆಯಿರಿ. ಅವರು ತಮ್ಮದೇ ಇ-2ಗೆ ಅರ್ಜಿ ಹಾಕಬಹುದೇ, ಅದು ಬರುವವರೆಗೆ ಊರಿನಲ್ಲೇ ಇದ್ದು ಕೆಲಸ ಮುಂದುವರಿಸುವುದು ಮೇಲೋ ಎಂಬುದನ್ನೂ ಆಗಲೇ ಮಾತಾಡಿ. ಆರೇಳು ತಿಂಗಳು ದೂರವಿರಲು ಇಬ್ಬರೂ ಒಪ್ಪಿದರೆ ಅದರಲ್ಲಿ ಅವಮಾನವೇನಿಲ್ಲ. 'ಗಂಡ ಬರುವಂತಿಲ್ಲ, ಭತ್ಯೆಯೂ ಇಲ್ಲ' ಎಂದು ಶಾಲೆ ಉತ್ತರಿಸಿದರೆ, ಒಬ್ಬರೇ ಹೋಗುವುದೋ, ಬೇರೆ ಶಾಲೆ ಹುಡುಕುವುದೋ ಎಂದು ಟಿಕೆಟ್ ತೆಗೆಯುವ ಮೊದಲೇ ತೀರ್ಮಾನಿಸಿ.