ದಕ್ಷಿಣ ಆಫ್ರಿಕಾದ ಆಫ್ರಿಕಾನ್ಸ್‌ನಂಥ ಸಣ್ಣ ಭಾಷೆಯ ಕಾದಂಬರಿಕಾರರು ಹೊಟ್ಟೆಪಾಡಿಗೆ ಏನು ಮಾಡುತ್ತಾರೆ? ಬರವಣಿಗೆಯ ಪಾಠ ಹೇಳಿಕೊಡುತ್ತಾ ಕೂತರೆ ಸ್ವಂತ ಬರವಣಿಗೆ ಕೆಡುವುದಿಲ್ಲವೇ?

ಎಷ್ಟೋ ಜನ ನೌಕರಿ ಮಾಡುತ್ತಾರೆ, ಅದರಲ್ಲೂ ಮೇಷ್ಟ್ರ ಕೆಲಸ. ಆದರೆ ಪಾಠ ಮಾಡಿದರೆ ಬರವಣಿಗೆ ಕೆಡುತ್ತದೆ ಅನ್ನೋದನ್ನು ನಾನು ಒಪ್ಪುವುದಿಲ್ಲ. ನಾನೂ ಹಗಲು ಡಿಗ್ರಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿ, ರಾತ್ರಿ ಕತೆ ಬರೆಯುವವಳು. ಈ ಪ್ರಶ್ನೆ ನನ್ನನ್ನು ಬಹಳ ವರ್ಷ ಕಾಡಿದೆ.

ನನಗೆ ಧೈರ್ಯ ಕೊಟ್ಟವರು ಆಫ್ರಿಕಾನ್ಸ್ ಕಾದಂಬರಿಗಾರ್ತಿ ಮಾರ್ಲೀನ್ ಫಾನ್ ನೀಕರ್ಕ್. ದಕ್ಷಿಣ ಆಫ್ರಿಕಾದವರು, 1954ರಲ್ಲಿ ಹುಟ್ಟಿದವರು, ಹೊಲ-ತೋಟದ ಮನೆಯಲ್ಲಿ ಬೆಳೆದವರು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ತತ್ವಶಾಸ್ತ್ರ ಓದಿದರು. ಮೊದಲು ಅದನ್ನೇ ಪಾಠ ಮಾಡಿ, ಆಮೇಲೆ ಆಫ್ರಿಕಾನ್ಸ್ ಮತ್ತು ಡಚ್ ಸಾಹಿತ್ಯ ಕಲಿಸಿದರು. ಸ್ಟೆಲೆನ್‌ಬಾಷ್ ವಿಶ್ವವಿದ್ಯಾಲಯದಲ್ಲಿ ಬರವಣಿಗೆಯನ್ನೇ ಕಲಿಸುವ ಮೇಡಂ ಆದರು. ಅಲ್ಲಿ ಎಂ.ಎ.ಗೆ ವಿದ್ಯಾರ್ಥಿ ತನ್ನದೇ ಕಾದಂಬರಿಯನ್ನೋ ಕವಿತೆಗಳನ್ನೋ ಬರೆದು ಒಪ್ಪಿಸಬಹುದು. ನಮ್ಮಲ್ಲಿ ಕುವೆಂಪು, ಅನಂತಮೂರ್ತಿ ಎಲ್ಲರೂ ಮೇಷ್ಟ್ರುಗಳೇ, ಆದರೆ ಅವರು ಕಲಿಸಿದ್ದು ಸಾಹಿತ್ಯ. ಕೂತು ಬರೆಸುವುದು ಬೇರೆಯೇ ಕೆಲಸ.

ದುಡ್ಡಿನ ಮಾತು. 2011ರ ಜನಗಣತಿ ಪ್ರಕಾರ ದಕ್ಷಿಣ ಆಫ್ರಿಕಾದಲ್ಲಿ ಮನೆಯಲ್ಲಿ ಆಫ್ರಿಕಾನ್ಸ್ ಆಡುವವರು ಸುಮಾರು 68 ಲಕ್ಷ. ನಾಲ್ಕು ಕೋಟಿ ದಾಟಿದ ಕನ್ನಡದಲ್ಲೇ ಕಾದಂಬರಿ ನೆಚ್ಚಿಕೊಂಡು ಸಂಸಾರ ನಡೆಸೋದು ಕಷ್ಟ, ಅಲ್ವಾ? ಸಂಬಳ ಬಂದರೆ ಅವಸರ ಇರುವುದಿಲ್ಲ. ಮಾರ್ಲೀನ್ ಅವರ ಕಾದಂಬರಿ ‘ಟ್ರಿಯೋಂಫ್’ ಬಂದದ್ದು 1994ರಲ್ಲಿ. ಮುಂದಿನ ಕಾದಂಬರಿ ‘ಅಖಾಟ್’ 2004ರಲ್ಲಿ. ನಡುವೆ ಹತ್ತು ವರ್ಷ!

‘ಅಖಾಟ್’ ಓದಿದರೆ ಆ ಹತ್ತು ವರ್ಷ ಎಲ್ಲಿ ಹೋಯಿತು ಅಂತ ಗೊತ್ತಾಗುತ್ತದೆ. ನಾನು ಓದಿದ್ದು ಮಿಖಿಲ್ ಹೇನ್ಸ್ ಅವರ ಇಂಗ್ಲಿಷ್ ಅನುವಾದ. ಅವರೂ ಕಾದಂಬರಿಕಾರರು, ಅದೇ ಸ್ಟೆಲೆನ್‌ಬಾಷ್‌ನಲ್ಲಿ ಇಂಗ್ಲಿಷ್ ಪ್ರೊಫೆಸರ್ ಆಗಿದ್ದವರು. ಕತೆಯಲ್ಲಿ ಮಿಲ್ಲಾ ಎಂಬ ಬಿಳಿಯ ಜಮೀನ್ದಾರಿಣಿ ಹಾಸಿಗೆ ಹಿಡಿದಿದ್ದಾಳೆ. ಕಣ್ಣುರೆಪ್ಪೆ ಬಿಟ್ಟರೆ ಮೈಯಲ್ಲಿ ಏನೂ ಅಲ್ಲಾಡುವುದಿಲ್ಲ. ಅವಳೇ ಚಿಕ್ಕಂದಿನಲ್ಲಿ ಮನೆಗೆ ತಂದು, ಮಗಳಂತೆ ಸಾಕಿ, ಆಮೇಲೆ ಆಳಿನ ಕೋಣೆಗೆ ತಳ್ಳಿದ ಅಖಾಟ್ ಈಗ ಅವಳ ಆರೈಕೆಗೆ ನಿಂತಿದ್ದಾಳೆ. ಅಕ್ಷರಗಳ ಪಟ ಇಟ್ಟುಕೊಂಡು ಅಖಾಟ್ ಒಂದೊಂದೇ ಅಕ್ಷರ ತೋರಿಸುತ್ತಾಳೆ. ಮಿಲ್ಲಾ ರೆಪ್ಪೆ ಮಿಟುಕಿಸುತ್ತಾಳೆ. ಹಾಗೆ ಒಂದು ಮಾತು ಹುಟ್ಟಬೇಕು. ಸುತ್ತ ಇಡೀ ಒಕ್ಕಲುತನ ಇದೆ: ಹಸು, ಗೋಧಿ, ಕಸೂತಿ, ಮಣ್ಣು. ಪ್ರತಿಯೊಂದಕ್ಕೂ ಅದರದ್ದೇ ಹೆಸರು ಹುಡುಕಿ ಇಟ್ಟಿದ್ದಾರೆ. ಇದನ್ನು ವರ್ಷಕ್ಕೊಂದರಂತೆ ಬರೆಯೋಕೆ ಆಗಲ್ಲ.

ಇನ್ನು ಪಾಠದ ವಿಷಯ. ಇದು ನನ್ನ ಅನುಭವ. ‘ಅಖಾಟ್’ ಓದಿದ ಮೇಲೆ ನನ್ನ ತರಗತಿಯಲ್ಲೂ ಬರೆಸೋಕೆ ಶುರು ಮಾಡಿದೆ. ಒಬ್ಬ ಹುಡುಗಿ ‘ಅವ್ವ ಅಡುಗೆ ಮಾಡುತ್ತಿದ್ದಳು’ ಅಂತ ಬರೆದು ತಂದಳು. ಏನು ಅಡುಗೆ, ಕೈ ಎಲ್ಲಿತ್ತು ಅಂತ ಕೇಳಿದೆ. ಮರುದಿನ ಬರೆದು ತಂದಳು: ‘ಅವ್ವ ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಬಟ್ಟೆ ಸವರುತ್ತಿದ್ದಳು. ಹಬೆ ಮುಖಕ್ಕೆ ಬಂದಾಗ ಕಣ್ಣು ಮುಚ್ಚಿದಳು.’ ನನಗೆ ಮೈ ಜುಮ್ಮೆಂದಿತು. ಆವತ್ತು ರಾತ್ರಿ ನನ್ನ ಕತೆ ತೆಗೆದು ನೋಡಿದರೆ ಅದರಲ್ಲೂ ಒಬ್ಬಳು ‘ಮನೆಗೆಲಸ ಮಾಡುತ್ತಿದ್ದಳು’. ಆ ಪುಟ ಹರಿದು ಮತ್ತೆ ಬರೆದೆ.