ಊರಿನ ಗ್ರಂಥಾಲಯಕ್ಕೆ ಹೆದರಿಕೆ ಹುಟ್ಟಿಸುವ ಪುಸ್ತಕಗಳು: ಯಾವುದು ತರಿಸಬಹುದು?

ನಿಮ್ಮ ಪ್ರಶ್ನೆ ಇಷ್ಟು: ಕೇರಳದ ಕಾಸರಗೋಡಿನ ಬದಿಯಡ್ಕ ಕಡೆಯ ಒಂದು ಸಣ್ಣ ಗ್ರಂಥಾಲಯದಲ್ಲಿ ಕನ್ನಡ ಕಪಾಟು ನಿಮ್ಮ ಕೈಯಲ್ಲಿದೆ. ಕಾಲೇಜು ಮಕ್ಕಳು ಬಂದು 'ಹಾರರ್ ಉಂಟಾ?' ಅಂತ ಕೇಳುತ್ತಾರೆ. ಪತ್ತೇದಾರಿ ಕೊಟ್ಟರೆ ವಾಪಸ್ ಇಟ್ಟು ಹೋಗುತ್ತಾರೆ. ಏನು ತರಿಸಲಿ? ನಾನು ಕುಂಬಳೆ ಹತ್ತಿರ ಇಂಥದ್ದೇ ಒಂದು ಗ್ರಂಥಾಲಯದ ಸಮಿತಿಯಲ್ಲಿದ್ದೇನೆ. ಪುಸ್ತಕ ಆರಿಸುವ ಕೆಲಸ ಹೆಚ್ಚಾಗಿ ನನ್ನ ತಲೆಗೇ ಬರುತ್ತದೆ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾದೀತು.

ನಮ್ಮ ಕಡೆಯವರನ್ನು ಬರೀ ದೆವ್ವ ತೋರಿಸಿ ಹೆದರಿಸುವುದು ಕಷ್ಟ. ಇವರೆಲ್ಲ ಅಮ್ಮನ ಮಡಿಲಲ್ಲಿ ಕೂತು ನಡುರಾತ್ರಿ ಗುಳಿಗ ಭೂತದ ಕೋಲ ನೋಡಿದವರು. ಒತ್ತೆಕೋಲದಲ್ಲಿ ವಿಷ್ಣುಮೂರ್ತಿ ದೈವ ಕೆಂಡದ ರಾಶಿಗೆ ಬೀಳುವುದನ್ನು ಹತ್ತಿರದಿಂದ ಕಂಡವರು. ಜಾಗದ ತಕರಾರಿದ್ದರೆ ಅದೇ ಭೂತದ ಮುಂದೆ ಕೈಮುಗಿದು ಹೇಳಿಕೊಳ್ಳುತ್ತೇವೆ. ಗದರಿದರೂ ಕೈಬಿಡದ ಮನೆಯ ಯಜಮಾನನ ಹಾಗೆ ಅದು. ಇಂಥವರ ಮುಂದೆ ಬಿಳಿ ಸೀರೆ, ಬಿಚ್ಚಿದ ಕೂದಲು, ಉದ್ದ ಹಲ್ಲು ಅಂತ ನಾಲ್ಕು ಪುಟ ಬರೆದರೆ ನಗು ಬರುತ್ತದೆ, ಅಲ್ವಾ? ಪಕ್ಕದಲ್ಲಿ ಮಲಗಿದವರ ಮೇಲೆ ಅನುಮಾನ ಹುಟ್ಟಿದರೆ ಮಾತ್ರ ನಿದ್ದೆ ಹೋಗುತ್ತದೆ. ನಾನು ಆರಿಸುವುದು ಆ ಲೆಕ್ಕದಲ್ಲೇ.

ನನ್ನ ಮೊದಲ ಹೆಸರು ಕೇಳಿ ನೀವು ನಗಬಹುದು: ಜನ್ನನ 'ಯಶೋಧರ ಚರಿತೆ'. 1209ರ ಕಾವ್ಯ. ಪಠ್ಯದಲ್ಲಿ ಎರಡು ಪದ್ಯ ಓದಿ ಬಿಟ್ಟವರೇ ಜಾಸ್ತಿ. ಆದರೆ ಕಥೆ ನೋಡಿ. ಚಂಡಮಾರಿಯ ಗುಡಿ. ಬಲಿ ಕೊಡಲು ಇಬ್ಬರು ಮಕ್ಕಳನ್ನು ಹಿಡಿದು ತಂದಿದ್ದಾರೆ. ಕತ್ತಿ ಹಿಡಿದ ರಾಜನ ಮುಂದೆ ಆ ಮಕ್ಕಳು ತಮ್ಮ ಹಿಂದಿನ ಜನ್ಮಗಳ ಕಥೆ ಹೇಳುತ್ತಾರೆ. ಒಂದು ಜನ್ಮದಲ್ಲಿ ಅವರು ರಾಜ ಯಶೋಧರ ಮತ್ತು ಅವನ ತಾಯಿ. ಯಶೋಧರನ ರಾಣಿ ಅಮೃತಮತಿ ರಾತ್ರಿ ಎಲ್ಲಿಂದಲೋ ಬಂದ ಹಾಡಿಗೆ ಮನಸೋಲುತ್ತಾಳೆ. ಹಾಡಿದವನು ವಿಕಾರ ರೂಪದ ಮಾವುತ. ಗಂಡನಿಗೆ ಗೊತ್ತಾಗುತ್ತದೆ. ಆದರೆ ಬಾಯಿ ಬಿಡುವುದಿಲ್ಲ, ಕೆಟ್ಟ ಕನಸು ಬಿತ್ತು ಅಂತ ತಾಯಿಗೆ ಸುಳ್ಳು ಹೇಳುತ್ತಾನೆ. ಪರಿಹಾರಕ್ಕೆ ಬಲಿ ಕೊಡು ಅನ್ನುತ್ತಾಳೆ ತಾಯಿ. ಜೀವ ತೆಗೆಯಲು ಮನಸ್ಸಿಲ್ಲದೆ ಹಿಟ್ಟಿನ ಕೋಳಿ ಮಾಡಿ ಕಡಿಯುತ್ತಾರೆ. ಆ ಹಿಟ್ಟಿನ ಕೋಳಿ ಕೂಗುತ್ತದೆ!

ನನಗಂತೂ ಮೈ ಜುಮ್ಮೆಂದದ್ದು ಅದರ ನಂತರ. ರಾಣಿ ವಿಷವಿಕ್ಕಿ ತಾಯಿ, ಮಗ ಇಬ್ಬರನ್ನೂ ಕೊಲ್ಲುತ್ತಾಳೆ. ಸತ್ತವರು ನವಿಲು, ನಾಯಿ ಅಂತ ಪ್ರಾಣಿಗಳಾಗಿ ಹುಟ್ಟಿ ಮತ್ತೆ ತಮ್ಮದೇ ಅರಮನೆಗೆ ಬರುತ್ತಾರೆ. ಯಶೋಧರ ತಾನು ಆಳಿದ ಮನೆಯಲ್ಲಿ ನವಿಲಾಗಿ ನಿಂತು, ಹೆಂಡತಿಯನ್ನು ಆ ಮಾವುತನ ಜೊತೆ ನೋಡಬೇಕು. ಬಾಯಿಲ್ಲ. ಯಾರಿಗೂ ಗುರುತಿಲ್ಲ. ಇಷ್ಟು ಕಪ್ಪು ಕಥೆ ನಮ್ಮ ಭಾಷೆಯಲ್ಲಿ ಎಂಟುನೂರು ವರ್ಷದಿಂದ ಇದೆ, ನಾವು ಅದನ್ನು ಪರೀಕ್ಷೆಗೆ ಮಾತ್ರ ಇಟ್ಟುಕೊಂಡಿದ್ದೇವೆ. ಗದ್ಯಾನುವಾದ ಇರುವ ಪ್ರತಿಯನ್ನೇ ತರಿಸಿ. ಬರೀ ಹಳಗನ್ನಡ ಇಟ್ಟರೆ ಯಾರೂ ಮುಟ್ಟುವುದಿಲ್ಲ. ಇದೇ ಕಥೆಯಿಂದ ಗಿರೀಶ ಕಾರ್ನಾಡರು 'ಹಿಟ್ಟಿನ ಹುಂಜ' ನಾಟಕ ಬರೆದಿದ್ದಾರೆ. ಎರಡನ್ನೂ ಪಕ್ಕಪಕ್ಕ ಇಡಿ.

ಕಾರ್ನಾಡರದ್ದೇ 'ಹಯವದನ', 'ನಾಗಮಂಡಲ' ಕೂಡ ಇರಲಿ. ಒಂದರಲ್ಲಿ ತಲೆ ಅದಲುಬದಲಾಗಿ ಗಂಡ ಯಾರು ಅಂತ ಗೊತ್ತಾಗದ ಹೆಂಗಸು. ಇನ್ನೊಂದರಲ್ಲಿ ರಾತ್ರಿ ಗಂಡನ ರೂಪದಲ್ಲಿ ಬರುವ ನಾಗ. 'ನಾಗಮಂಡಲ'ದ ಶುರುವಿನಲ್ಲಿ ಒಬ್ಬ ನಾಟಕಕಾರ ಪಾಳು ಗುಡಿಯಲ್ಲಿ ಕೂತಿರುತ್ತಾನೆ. ಜನರನ್ನು ನಿದ್ದೆ ಮಾಡಿಸುವ ನಾಟಕ ಬರೆದ ತಪ್ಪಿಗೆ ಅವನಿಗೆ ಸಾವಿನ ಶಾಪ. ಪಾರಾಗಬೇಕಾದರೆ ಒಂದು ರಾತ್ರಿ ಪೂರ್ತಿ ಎಚ್ಚರ ಇರಬೇಕು. (ಕೆಲವು ಲೇಖಕರಿಗೆ ಈ ಶಾಪ ನಿಜಕ್ಕೂ ತಟ್ಟಬೇಕಿತ್ತು.) ನಾಟಕ ಅಂದರೆ ಮಕ್ಕಳು ಮೂಗು ಮುರಿಯುತ್ತಾರೆ, ಆದರೆ ಎರಡೂ ಸಣ್ಣ ಪುಸ್ತಕ, ಒಂದು ಕೂತಲ್ಲಿ ಮುಗಿಯುತ್ತವೆ.

ಇನ್ನು ನಿಜವಾಗಿ ಕೈಯಿಂದ ಕೈಗೆ ಹೋಗುವ ಸರಕು. ಯಂಡಮೂರಿ ವೀರೇಂದ್ರನಾಥರ 'ತುಳಸಿದಳ' ಇಲ್ಲದೆ ಈ ಕಪಾಟು ನಡೆಯುವುದಿಲ್ಲ. ತೆಲುಗಿನಿಂದ ಬಂದದ್ದು, ಆದರೆ ನಮ್ಮ ಅಮ್ಮಂದಿರ ಕಾಲದಿಂದಲೂ ಕನ್ನಡದ್ದೇ ಅನ್ನುವಷ್ಟು ಓದಿಸಿಕೊಂಡಿದೆ. ತುಳಸಿ ಎಂಬ ಮಗುವಿನ ಮೇಲೆ ಮಾಟ. ಭಾಷೆ ಒರಟು, ಕೆಲವು ಕಡೆ ಎಳೆದಾಟ ಉಂಟು. ಆದರೂ ಪುಟ ತಿರುಗಿಸದೆ ಇರಲಾಗುವುದಿಲ್ಲ. ಮನೆಯಲ್ಲಿ ಸಣ್ಣ ಮಗುವಿಗೆ ಹುಷಾರಿಲ್ಲದವರಿಗೆ ಮಾತ್ರ ಕೊಡಬೇಡಿ. ರವಿ ಬೆಳಗೆರೆಯವರ 'ಮಾಟಗಾತಿ', 'ಸರ್ಪ ಸಂಬಂಧ' ಕೂಡ ಇದೇ ಜಾತಿ. ಅವು ದೊಡ್ಡವರಿಗೆ. ಹೈಸ್ಕೂಲಿನವರ ಕೈಗೆ ನಾನು ಕೊಡುವುದಿಲ್ಲ.

ನೀವು ಕೇಳಿದ್ದು ಕನ್ನಡ ಕಪಾಟಿನ ಬಗ್ಗೆ. ಆದರೆ ನಮ್ಮ ಮಕ್ಕಳಲ್ಲಿ ತುಂಬಾ ಜನ ಮಲಯಾಳಂ ಓದುತ್ತಾರೆ, ಆ ಕಪಾಟು ಅದೇ ಕೋಣೆಯಲ್ಲಿ ಇರುತ್ತದೆ. ಮಲಯಾಟ್ಟೂರು ರಾಮಕೃಷ್ಣನ್ ಅವರ 'ಯಕ್ಷಿ' (1967) ನಾನು ಮೇಲೆ ಹೇಳಿದ ಅನುಮಾನಕ್ಕೆ ಒಳ್ಳೆಯ ಉದಾಹರಣೆ. ಪ್ರಯೋಗಾಲಯದ ಅಪಘಾತದಲ್ಲಿ ಮುಖ ಕೆಟ್ಟುಹೋದ ಒಬ್ಬ ಮೇಷ್ಟ್ರು. ಅವನನ್ನು ಪ್ರೀತಿಸಿ ಒಬ್ಬ ಚೆಲುವೆ ಬರುತ್ತಾಳೆ. ಇಷ್ಟು ಚೆಂದದವಳು ನನ್ನನ್ನು ಯಾಕೆ ಒಪ್ಪಿದಳು, ಇವಳು ಯಕ್ಷಿಯೇ (ಚೆಲುವೆಯಾಗಿ ಬಂದು ರಕ್ತ ಹೀರುವ ಹೆಣ್ಣು ದೆವ್ವ) ಇರಬೇಕು ಅಂತ ಅವನ ತಲೆ ಕೆಡುತ್ತದೆ. ವೈಕಂ ಮುಹಮ್ಮದ್ ಬಷೀರರ ಸಣ್ಣ ಕಥೆ 'ನೀಲವೆಳಿಚ್ಚಂ' ಇದಕ್ಕೆ ಪೂರ್ತಿ ತದ್ವಿರುದ್ಧ. ದೆವ್ವದ ಮನೆಗೆ ಬಾಡಿಗೆಗೆ ಬಂದ ಲೇಖಕ ದೆವ್ವದ ಜೊತೆ ಸುಮ್ನೆ ಸ್ನೇಹ ಮಾಡಿಕೊಳ್ಳುತ್ತಾನೆ. ಕೊಟ್ಟಾರತ್ತಿಲ್ ಶಂಕುಣ್ಣಿಯವರ 'ಐತಿಹ್ಯಮಾಲೆ' ಹೇಗೂ ಅಲ್ಲಿ ಇದ್ದೇ ಇರುತ್ತದೆ. ಯಕ್ಷಿಯರು, ಮಂತ್ರವಾದಿ ಕಡಮಟ್ಟತ್ತು ಕತ್ತನಾರ್, ಎಲ್ಲ ಅದರಲ್ಲೇ. ಆ ಯಕ್ಷಿಯರು ಇರುವುದು ಪಾಲೆ ಮರದಲ್ಲಿ. ತುಳುವಿನ ಆಟಿ ತಿಂಗಳ ಅಮಾವಾಸ್ಯೆಯ ಬೆಳಿಗ್ಗೆ ನಾವು ತೊಗಟೆ ತಂದು ಕಷಾಯ ಕುಡಿಯುವುದೂ ಅದೇ ಮರದ್ದು. ಮಕ್ಕಳಿಗೆ ಇದನ್ನು ಹೇಳಿ ನೋಡಿ, ಪುಸ್ತಕ ತಾನೇ ಹೋಗುತ್ತದೆ.

ಸೊಲ್ಲಾಪುರ, ಜತ್ತ ಕಡೆಯ ಕನ್ನಡದವರು ಯಾರಾದರೂ ಇದನ್ನು ಓದುತ್ತಿದ್ದರೆ, ಮರಾಠಿಯಲ್ಲಿ ನಾರಾಯಣ ಧಾರಪರನ್ನು ಹುಡುಕಿ.

ಇಂಗ್ಲಿಷಿನಲ್ಲಿ ಪಟ್ಟಿಗೆ ಕೊನೆಯಿಲ್ಲ. ನಾನು ಮೊದಲು ಕೊಡುವುದು ಶರ್ಲಿ ಜಾಕ್ಸನ್ ಅವರ 'ದಿ ಲಾಟರಿ', 1948ರ ಸಣ್ಣ ಕಥೆ. ಲಾಟರಿ ಅಂದರೆ ನಮಗೆ ಹೊಸದಲ್ಲ, ಕೇರಳ ಸರಕಾರದ್ದು ದಿನಾ ಡ್ರಾ ಇರುತ್ತದೆ. ಈ ಕಥೆಯಲ್ಲೂ ಊರವರೆಲ್ಲ ನಗುನಗುತ್ತಾ ಬಂದು ಚೀಟಿ ಎತ್ತುತ್ತಾರೆ. ಮುಂದಿನದು ಹೇಳುವುದಿಲ್ಲ. ಇಷ್ಟವಾದವರಿಗೆ ಅವರದೇ 'ದಿ ಹಾಂಟಿಂಗ್ ಆಫ್ ಹಿಲ್ ಹೌಸ್' (1959) ಕೊಡಿ. ಅದರಲ್ಲಿ ದೆವ್ವ ಮನೆಯಲ್ಲಿದೆಯೋ ಅಲ್ಲಿಗೆ ಬಂದ ಹೆಂಗಸಿನ ತಲೆಯಲ್ಲಿದೆಯೋ ಕೊನೆಯವರೆಗೂ ತೀರ್ಮಾನ ಆಗುವುದಿಲ್ಲ.

'ಡ್ರಾಕುಲಾ' (1897) ಬೇಕೇ ಬೇಕು. ಪೂರ್ತಿ ಡೈರಿ, ಪತ್ರ, ಪೇಪರ್ ತುಣುಕುಗಳಲ್ಲಿ ಬರೆದದ್ದು. ಸಂಕ್ಷಿಪ್ತ ಪ್ರತಿ ತರಿಸಬೇಡಿ, ಆ ತುಣುಕುಗಳನ್ನು ಜೋಡಿಸುವುದರಲ್ಲೇ ಅದರ ರುಚಿ ಇರುವುದು. ಅದು ಹಿಡಿಸಿದವರಿಗೆ ಸ್ಟೀಫನ್ ಕಿಂಗ್ ಅವರ 'ಸೇಲಮ್ಸ್ ಲಾಟ್' (1975). ಒಂದು ಸಣ್ಣ ಊರು ಮನೆಮನೆಯಾಗಿ ರಕ್ತಪಿಶಾಚಿಗಳ ಪಾಲಾಗುವ ಕಥೆ. ಎಲ್ಲರ ಗುಟ್ಟು ಎಲ್ಲರಿಗೂ ಗೊತ್ತಿರುವ ಊರಲ್ಲಿ ಬೆಳೆದವರಿಗೆ ಅದು ಬೇಗ ನಾಟುತ್ತದೆ. ಅವರದೇ 'ಪೆಟ್ ಸೆಮೆಟರಿ' (1983) ಇದಕ್ಕಿಂತ ಗಟ್ಟಿ. ಬರೆದ ಮೇಲೆ ಕಿಂಗ್ ಅವರೇ ಇದು ಅತಿಯಾಯಿತು ಅಂತ ಸ್ವಲ್ಪ ಕಾಲ ಒಳಗಿಟ್ಟಿದ್ದರು. ಮಗು ಕಳೆದುಕೊಂಡ ಮನೆಯ ಕಥೆ ಅದು, ಯಾರು ಕೇಳುತ್ತಿದ್ದಾರೆ ಅಂತ ಮುಖ ನೋಡಿ ಕೊಡಿ. ಚಿಕ್ಕ ಮಕ್ಕಳು ಕೇಳಿದರೆ ರೋಲ್ಡ್ ಡಾಲ್ ಅವರ 'ದಿ ವಿಚಸ್' ಸಾಕು.

ಸಮಿತಿಯಲ್ಲಿ ಯಾರಾದರೂ ಹಿರಿಯರು 'ಮಕ್ಕಳು ಹಾಳಾಗುತ್ತಾರೆ' ಅಂತ ತಕರಾರು ತೆಗೆದೇ ತೆಗೆಯುತ್ತಾರೆ. ವಾದಕ್ಕೆ ಹೋಗಬೇಡಿ. ಮೊದಲ ಕಂತಿನಲ್ಲಿ ಜನ್ನ, ಕಾರ್ನಾಡ್, 'ತುಳಸಿದಳ' ತರಿಸಿ. ಜನ್ನನ ಹೆಸರು ಪಟ್ಟಿಯ ಮೇಲಿದ್ದರೆ ಬಿಲ್ಲಿಗೆ ಸಹಿ ಬೇಗ ಬೀಳುತ್ತದೆ. ಕಿಂಗ್ ಮುಂದಿನ ಗ್ರಾಂಟಿಗೆ ಇರಲಿ.