ಕೇಳಿ, ಹೇಳುತ್ತೇವೆ: ಪೈಥಾನ್‌ಗೆ ಸಿ ಲೈಬ್ರರಿ ಜೋಡಿಸುವಾಗ

ಪ್ರಶ್ನೆ: ನಮ್ಮ ತಂಡದ ಹಳೇ ಸಿ ಲೈಬ್ರರಿಯನ್ನು ಪೈಥಾನ್‌ನ ಸಿಟೈಪ್ಸ್ (ಪೈಥಾನ್‌ನಿಂದ ಸಿ ಕೋಡ್ ಕರೆಯುವ ಮಾಡ್ಯೂಲ್) ಮೂಲಕ ಬಳಸುತ್ತೇವೆ. ಅದರ ಡಾಕ್ಯುಮೆಂಟೇಶನ್ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಫಂಕ್ಷನ್ ಹೆಸರು, ಆರ್ಗ್ಯುಮೆಂಟ್ ಎಲ್ಲ ಹೆಡರ್ ಫೈಲಿನಲ್ಲೇ ಇವೆಯಲ್ಲ, ಇನ್ನೇನು ಬರೆಯಲಿ?
– ಓದುಗರು, ಹಿಂಜವಡಿ, ಪುಣೆ

ಉತ್ತರ: ಹೆಡರ್‌ನಲ್ಲಿ ಇಲ್ಲದ್ದನ್ನು ಬರೆಯಿರಿ. ಫಂಕ್ಷನ್ ಕ್ಯಾರ್ ಪಾಯಿಂಟರ್ (ಅಕ್ಷರಗಳಿರುವ ಮೆಮೊರಿಯ ವಿಳಾಸ) ಕೊಡುತ್ತದೆ ಎಂದಷ್ಟೇ ಹೆಡರ್ ಹೇಳುತ್ತದೆ. ಆ ಮೆಮೊರಿಯನ್ನು ಫ್ರೀ ಮಾಡಬೇಕಾದವರು ಯಾರು, ಅದು ಎಲ್ಲಿಯವರೆಗೆ ನಂಬಿಕೆಗೆ ಅರ್ಹ ಎಂಬುದು ಅಲ್ಲಿಲ್ಲ. ಒಳಗೆ ಸ್ಟ್ಯಾಟಿಕ್ ಬಫರ್ (ಪ್ರತಿ ಕರೆಗೂ ಮರುಬಳಕೆಯಾಗುವ ಒಂದೇ ಜಾಗ) ಇದ್ದರೆ ಮುಂದಿನ ಸಲ ಕರೆದಾಗ ಹಳೆಯದು ಅಳಿಸಿಹೋಗುತ್ತದೆ. ಮ್ಯಾಲಕ್‌ನಿಂದ ಕೇಳಿ ಪಡೆದ ಮೆಮೊರಿಯನ್ನು ಫ್ರೀ ಮಾಡದೆ ಬಿಟ್ಟರೆ ಸೋರುತ್ತದೆ. ಎರಡರ ಡಿಕ್ಲರೇಶನ್ನೂ ಒಂದೇ! ಹಾಗಾಗಿ ಪ್ರತಿ ಪಾಯಿಂಟರ್‌ಗೂ ‘ಯಾರದ್ದು, ಎಲ್ಲಿಯವರೆಗೆ’ ಎಂಬ ಒಂದು ಸಾಲು ಇರಲೇಬೇಕು. ಯಾವ ಫಂಕ್ಷನ್‌ನಿಂದ ಬಿಡುಗಡೆ ಎಂಬುದನ್ನೂ ಹೆಸರಿಸಿ. ವಿಂಡೋಸ್‌ನಲ್ಲಿ ಒಂದು ಸಿ ರನ್‌ಟೈಮ್ (ಮ್ಯಾಲಕ್, ಫ್ರೀ ಇರುವ ಮೂಲ ಲೈಬ್ರರಿ) ಕೊಟ್ಟ ಮೆಮೊರಿಯನ್ನು ಇನ್ನೊಂದು ರನ್‌ಟೈಮ್‌ನ ಫ್ರೀಗೆ ಒಪ್ಪಿಸಿದರೆ ಹೀಪ್ (ಮ್ಯಾಲಕ್ ಮೆಮೊರಿ ಕೊಡುವ ಜಾಗ) ಕೆಡಬಹುದು.

ಸಿಟೈಪ್ಸ್‌ನದೇ ಒಂದು ಬಲೆಯಿದೆ. ರೆಸ್‌ಟೈಪ್‌ಗೆ (ಫಂಕ್ಷನ್ ಹಿಂದಿರುಗಿಸುವುದು ಯಾವ ಬಗೆ ಎಂದು ತಿಳಿಸುವ ಜಾಗ) ಸಿ-ಕ್ಯಾರ್-ಪಿ, ಅಂದರೆ ಕ್ಯಾರ್ ಪಾಯಿಂಟರ್, ಕೊಟ್ಟರೆ ಪೈಥಾನ್ ಅಕ್ಷರಗಳನ್ನು ಬೈಟ್ಸ್ ಆಗಿ ನಕಲು ಮಾಡಿಕೊಂಡು ಮೂಲ ವಿಳಾಸವನ್ನು ಕೈಬಿಡುತ್ತದೆ. ಆಮೇಲೆ ಫ್ರೀ ಮಾಡಲು ಏನೂ ಉಳಿದಿರುವುದಿಲ್ಲ. ಫ್ರೀ ಮಾಡಬೇಕಾದ ಸ್ಟ್ರಿಂಗ್‌ಗೆ ಸಿ-ವಾಯ್ಡ್-ಪಿ (ಬರೀ ವಿಳಾಸ) ಹಾಕಿ, ಸ್ಟ್ರಿಂಗ್-ಆಟ್‌ನಿಂದ ಓದಿ, ನಂತರ ಬಿಡುಗಡೆ ಮಾಡುವಂತೆ ಉದಾಹರಣೆ ಬರೆದಿಡಿ. ಬಿಡುಗಡೆ ಫಂಕ್ಷನ್‌ನ ಆರ್ಗ್‌ಟೈಪ್ಸ್‌ನಲ್ಲೂ (ಆರ್ಗ್ಯುಮೆಂಟ್‌ಗಳ ಬಗೆ ತಿಳಿಸುವ ಜಾಗ) ಸಿ-ವಾಯ್ಡ್-ಪಿ ಇರಲಿ.

ಮಾದರಿ ಬೇಕೆಂದರೆ ಪೈಥಾನ್‌ನ ಸ್ವಂತ ಸಿ ಎಪಿಐ ದಾಖಲೆ ನೋಡಿ. ಪೈಲಿಸ್ಟ್-ಗೆಟ್‌ಐಟಮ್ ಕೊಡುವ ರೆಫರೆನ್ಸ್ (ಆಬ್ಜೆಕ್ಟ್ ಮೇಲಿನ ಹಿಡಿತ) ಬರೀ ಎರವಲು, ಪೈಲಿಸ್ಟ್-ಸೆಟ್‌ಐಟಮ್ ನಿಮ್ಮ ರೆಫರೆನ್ಸನ್ನೇ ಕಸಿದುಕೊಳ್ಳುತ್ತದೆ ಎಂದು ಅಲ್ಲಿ ಸ್ಪಷ್ಟವಾಗಿದೆ. ಲೂವಾ ಭಾಷೆಯ ಮ್ಯಾನ್ಯುಯಲ್ ಇನ್ನೂ ಚುರುಕು: ಪ್ರತಿ ಸಿ ಫಂಕ್ಷನ್‌ಗೆ ಮೂರು ಗುರುತು. ಲೂವಾ ಮತ್ತು ಸಿ ಮೌಲ್ಯ ಹಂಚಿಕೊಳ್ಳುವ ಸ್ಟ್ಯಾಕ್‌ನಿಂದ ಎಷ್ಟು ತೆಗೆಯುತ್ತದೆ, ಎಷ್ಟು ಸೇರಿಸುತ್ತದೆ, ಎರರ್ ಎಸೆಯಬಹುದೇ, ಅಷ್ಟೇ. ಇದನ್ನು ಧಾರಾಳವಾಗಿ ನಕಲು ಮಾಡಿ.

ಉಳಿದಂತೆ: ನಲ್ (ಖಾಲಿ ಪಾಯಿಂಟರ್) ಕೊಡಬಹುದೇ? ಸೋತರೆ ಏನು ಬರುತ್ತದೆ? -1 ಬಂದು ಕಾರಣ ಎರ್‌ನೋದಲ್ಲಿ (ಸಿಯ ಎರರ್ ಸಂಖ್ಯೆ) ಇರುತ್ತದೆಂದರೆ, ಲೈಬ್ರರಿ ಲೋಡ್ ಮಾಡುವಾಗಲೇ ಯೂಸ್-ಎರ್‌ನೋ ಆನ್ ಮಾಡಲು ಹೇಳಿ. ಥ್ರೆಡ್ ವಿಷಯ ಮರೆಯಬೇಡಿ. ಸಿಟೈಪ್ಸ್‌ನ ಸಿಡಿಎಲ್‌ಎಲ್‌ನಿಂದ ಲೋಡ್ ಮಾಡಿದ ಲೈಬ್ರರಿಯನ್ನು ಕರೆದಾಗ ಪೈಥಾನ್ ತನ್ನ ಜಿಐಎಲ್ ಬೀಗವನ್ನು (ಒಮ್ಮೆಗೆ ಒಂದೇ ಥ್ರೆಡ್ ಓಡಲು ಬಿಡುವ ಬೀಗ) ಬಿಟ್ಟುಕೊಡುತ್ತದೆ. ಲೈಬ್ರರಿಯಲ್ಲಿ ಗ್ಲೋಬಲ್ ವೇರಿಯಬಲ್ ಇದ್ದರೆ ಎರಡು ಥ್ರೆಡ್ ಒಟ್ಟಿಗೆ ನುಗ್ಗಿ ಕೆಡಿಸುತ್ತವೆ.

ಪ್ರಶ್ನೆ: ಪಾಯಿಂಟರ್ ಕೊಡುವ ಫಂಕ್ಷನ್ ಒಮ್ಮೊಮ್ಮೆ ಸರಿ, ಒಮ್ಮೊಮ್ಮೆ ಸೆಗ್ಮೆಂಟೇಶನ್ ಫಾಲ್ಟ್ (ತಪ್ಪು ವಿಳಾಸ ಮುಟ್ಟಿ ಪ್ರೋಗ್ರಾಂ ಸಾಯುವುದು). ಯಾಕೆ?
– ವಿದ್ಯಾರ್ಥಿನಿ, ಡೊಂಬಿವಲಿ

ಉತ್ತರ: ರೆಸ್‌ಟೈಪ್ ಬರೆದಿರಲಿಕ್ಕಿಲ್ಲ. ಬರೆಯದಿದ್ದರೆ ಸಿಟೈಪ್ಸ್ ಅದನ್ನು 4 ಬೈಟ್‌ನ ಇಂಟ್ ಎಂದೇ ಹಿಡಿಯುತ್ತದೆ. 64 ಬಿಟ್ ಯಂತ್ರದಲ್ಲಿ ವಿಳಾಸ 8 ಬೈಟ್. ಹೆಕ್ಸ್‌ನಲ್ಲಿ (ಎರಡು ಅಂಕೆಗೆ ಒಂದು ಬೈಟ್) 558354001290 ಎಂಬ ವಿಳಾಸ ಬಂದರೆ ನಿಮ್ಮ ಕೈಗೆ ಸಿಗುವುದು 54001290. ಮೊದಲಿನ 5583 ಕತ್ತರಿಸಿ ಹೋಗಿದೆ. ವಿಳಾಸ ಕೆಳಗಿನ 2 ಜಿಬಿಯೊಳಗೆ ಬಿದ್ದ ದಿನ ಎಲ್ಲ ಸರಿಯಿದ್ದಂತೆ ಕಾಣುತ್ತದೆ. ಲಾಂಗ್ ಬಗ್ಗೆಯೂ ಎಚ್ಚರ: 64 ಬಿಟ್ ಲಿನಕ್ಸ್‌ನಲ್ಲಿ 8 ಬೈಟ್, ವಿಂಡೋಸ್‌ನಲ್ಲಿ 4. ಸ್ಟ್ರಕ್ಟ್ (ಹಲವು ಮೌಲ್ಯಗಳ ಗುಂಪು) ಕಳಿಸುವುದಿದ್ದರೆ ಎರಡೂ ಕಡೆ ಸೈಜ್‌ಆಫ್ ಪ್ರಿಂಟ್ ಮಾಡಿ ಹೋಲಿಸಿ. ಕ್ಯಾರ್, ಡಬಲ್, ಇಂಟ್ ಈ ಕ್ರಮದಲ್ಲಿದ್ದರೆ ಕೂಡಿದಾಗ 13 ಎನಿಸಿದರೂ ಅಲೈನ್‌ಮೆಂಟ್‌ಗಾಗಿ ಬಿಡುವ ಖಾಲಿ ಜಾಗ ಸೇರಿ ಸಾಮಾನ್ಯವಾಗಿ 24 ಬೈಟ್ ಆಗುತ್ತದೆ. ಸಿ ಕಡೆ ಪ್ಯಾಕ್ ಮಾಡಿದ್ದು (ಖಾಲಿ ಜಾಗ ತೆಗೆದದ್ದು) ಪೈಥಾನ್ ಕಡೆ ಮಾಡದಿದ್ದರೆ ಡಬಲ್‌ನಿಂದ ಹಿಡಿದು ಎಲ್ಲವೂ ಕಸ.

ಪ್ರಶ್ನೆ: ಕಾಲ್‌ಬ್ಯಾಕ್ (ಸಿ ಕಡೆಯಿಂದ ಕರೆಯುವ ಪೈಥಾನ್ ಫಂಕ್ಷನ್) ಸ್ವಲ್ಪ ಹೊತ್ತು ನಡೆದು ಪ್ರೋಗ್ರಾಂ ಸತ್ತುಹೋಗುತ್ತದೆ.
– ಓದುಗರು, ವಾಸ್ಕೊ, ಗೋವಾ

ಉತ್ತರ: ಕಾಲ್‌ಬ್ಯಾಕ್‌ಗಾಗಿ ಸಿಟೈಪ್ಸ್‌ನ ಸಿ-ಫಂಕ್-ಟೈಪ್‌ನಿಂದ ಮಾಡಿದ ಆಬ್ಜೆಕ್ಟನ್ನು ನೇರವಾಗಿ ಸಿ ಫಂಕ್ಷನ್‌ಗೆ ಕೊಟ್ಟು ಮರೆತಿದ್ದೀರಿ. ಪೈಥಾನ್ ಅದನ್ನು ಕಸವೆಂದು ಗುಡಿಸಿಹಾಕಿದೆ, ಸಿ ಮಾತ್ರ ಹಳೇ ವಿಳಾಸಕ್ಕೇ ಜಿಗಿಯುತ್ತಿದೆ. ಸಿ ಕಡೆ ಅದನ್ನು ಬಳಸುವಷ್ಟು ಕಾಲ ಒಂದು ವೇರಿಯಬಲ್‌ನಲ್ಲಿ ಹಿಡಿದಿಡಿ. ಕಾಲ್‌ಬ್ಯಾಕ್ ಒಳಗಿನ ಎಕ್ಸೆಪ್ಶನ್ ಕೂಡ ಸಿ ದಾಟಿ ನಿಮ್ಮ ಪೈಥಾನ್ ಕೋಡಿಗೆ ಬರುವುದಿಲ್ಲ, ಎರರ್ ಔಟ್‌ಪುಟ್‌ನಲ್ಲಿ ಪ್ರಿಂಟ್ ಆಗಿ ಮುಗಿಯುತ್ತದೆ. ಒಳಗೇ ಟ್ರೈ ಹಾಕಿ ಹಿಡಿಯಿರಿ.